ಕೊಲೆಗಾರ ಯಾರೆಂದು ಹತ್ತು ನಿಮಿಷದಲ್ಲೇ ಗೊತ್ತಾಗುವ ಪತ್ತೇದಾರಿ ಚಿತ್ರ: ಹಿಚ್‌ಕಾಕ್‌ನ ‘ಐ ಕನ್ಫೆಸ್’

ಹಳೆಯ ರೀಲು:

ಶನಿವಾರ ರಾತ್ರಿ ಕರೆಂಟು ಕಣ್ಣಾಮುಚ್ಚಾಲೆ ಆಡುತ್ತಿದ್ದಾಗ ಲ್ಯಾಪ್‌ಟಾಪಿನ ಬ್ಯಾಟರಿಯನ್ನೇ ನಂಬಿಕೊಂಡು ಆಲ್ಫ್ರೆಡ್ ಹಿಚ್‌ಕಾಕ್‌ನ ‘ಐ ಕನ್ಫೆಸ್’ ನೋಡಿದೆ. 1953ರ ಕಪ್ಪು-ಬಿಳುಪು ಚಿತ್ರ. ನೋಡಿ ಮೂರು ದಿನವಾದರೂ ಒಂದು ಪ್ರಶ್ನೆ ತಲೆಯಿಂದ ಇಳಿಯುತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನೋಡದವರಿಗಾಗಿ ಕಥೆ ಹೇಳುತ್ತೇನೆ. ಗುಟ್ಟು ಬಿಟ್ಟುಕೊಟ್ಟೆ ಎಂದು ಯಾರೂ ಬೈಯಬೇಡಿ, ನಿರ್ದೇಶಕನೇ ಮೊದಲ ಹತ್ತು ನಿಮಿಷದಲ್ಲಿ ಬಿಟ್ಟುಕೊಟ್ಟಿದ್ದಾನೆ. ಕೆನಡಾದ ಕ್ವೆಬೆಕ್ ನಗರ, ನಡುರಾತ್ರಿ. ಬೀದಿಯ ಏಕಮುಖ ಸಂಚಾರದ ಫಲಕಗಳು ಒಂದಾದ ಮೇಲೊಂದರಂತೆ ಬಾಣ ತೋರಿಸುತ್ತಾ ನಮ್ಮನ್ನು ಒಂದು ತೆರೆದ ಕಿಟಕಿಗೆ ಕರೆದೊಯ್ಯುತ್ತವೆ. ಒಳಗೆ ನೆಲದ ಮೇಲೆ ವಿಲೆಟ್ ಎಂಬ ವಕೀಲನ ಹೆಣ. ಬಾಗಿಲಿನ ಮಣಿಪರದೆ ಇನ್ನೂ ತೂಗುತ್ತಿದೆ. ಪಾದ್ರಿಯ ನಿಲುವಂಗಿ ತೊಟ್ಟವನೊಬ್ಬ ಓಣಿಯಲ್ಲಿ ನಡೆದುಹೋಗಿ ಅಂಗಿ ಕಳಚುತ್ತಾನೆ. ಅವನು ಪಾದ್ರಿಯಲ್ಲ, ಚರ್ಚಿನಲ್ಲಿ ಕೆಲಸಕ್ಕಿರುವ ಕೆಲ್ಲರ್, ಜರ್ಮನಿಯಿಂದ ಬಂದ ನಿರಾಶ್ರಿತ. ಕಳವಿಗೆಂದು ಹೋಗಿ ಸಿಕ್ಕಿಬಿದ್ದು ಕೊಂದಿದ್ದಾನೆ. ನೇರವಾಗಿ ಚರ್ಚಿಗೆ ಬಂದು ಫಾದರ್ ಲೋಗನ್ ಮುಂದೆ ಮೊಣಕಾಲೂರಿ ಪಾಪನಿವೇದನೆ ಮಾಡಿಕೊಳ್ಳುತ್ತಾನೆ.

ಪಾಪನಿವೇದನೆಯಲ್ಲಿ ಕೇಳಿದ್ದನ್ನು ಪಾದ್ರಿ ಯಾರಿಗೂ ಹೇಳುವಂತಿಲ್ಲ, ಹಾಗಾಗಿ ಅಲ್ಲಿಂದ ಲೋಗನ್ ಬಾಯಿಗೆ ಬೀಗ. ಇನ್‌ಸ್ಪೆಕ್ಟರ್ ಲಾರೂ ಪಾದ್ರಿಯ ವೇಷದ ಬೆನ್ನು ಹತ್ತುತ್ತಾನೆ. ಅಷ್ಟರಲ್ಲಿ ಇನ್ನೊಂದು ಸುಳಿ: ಸತ್ತ ವಿಲೆಟ್, ಲೋಗನ್‌ನ ಹಳೆಯ ಪ್ರೇಯಸಿ ರುತ್‌ಳನ್ನು ಬೆದರಿಸಿ ಕಾಡುತ್ತಿದ್ದವನು. ಲೋಗನ್ ದೀಕ್ಷೆ ತೆಗೆದುಕೊಳ್ಳುವ ಮೊದಲು, ಯುದ್ಧದಿಂದ ಮರಳಿದಾಗ, ಮಳೆಗೆ ಸಿಕ್ಕಿ ಇಬ್ಬರೂ ಒಂದು ತೋಟದ ಮಂಟಪದಲ್ಲಿ ರಾತ್ರಿ ಕಳೆದಿದ್ದರು. ಆಗಲೇ ತನಗೆ ಮದುವೆಯಾಗಿದೆಯೆಂದು ಅವಳು ಅವನಿಗೆ ಹೇಳಿರಲಿಲ್ಲ. ಕೊಲೆಯ ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಅವನು ನನ್ನ ಜೊತೆಗಿದ್ದ ಎಂದು ಅವಳು ಮರ್ಯಾದೆ ಪಣಕ್ಕಿಟ್ಟು ಸಾಕ್ಷಿ ಹೇಳುತ್ತಾಳೆ. ಆದರೆ ಕೊಲೆ ನಡೆದದ್ದು ಹನ್ನೊಂದರ ನಂತರ ಎಂದು ವೈದ್ಯರ ವರದಿ ಬರುತ್ತದೆ. ಕಾಪಾಡಲು ಹೋದವಳು ಪೊಲೀಸರಿಗೆ ಕೊಲೆಯ ಕಾರಣವನ್ನು ತಟ್ಟೆಯಲ್ಲಿಟ್ಟು ಕೊಟ್ಟಂತಾಯಿತು.

ನನ್ನ ಪ್ರಶ್ನೆ ಇಷ್ಟೇ. ಗಲ್ಲಿನ ಹಗ್ಗ ಕಣ್ಣೆದುರು ತೂಗುತ್ತಿರುವಾಗಲೂ ಒಬ್ಬ ಮನುಷ್ಯ ಸುಮ್ಮನಿರುತ್ತಾನೆ ಎಂಬುದನ್ನು ನೀವು ನಂಬಿದಿರಾ?

ತಾರ್ಕಿಕ:

ನಂಬಲಿಲ್ಲ. ಒಂದು ಅನಾಮಧೇಯ ಪತ್ರ ಬರೆದು ಅಂಚೆಡಬ್ಬಿಗೆ ಹಾಕಿದ್ದರೆ ಚಿತ್ರ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತಿತ್ತು, ನಮಗೂ ಊಟಕ್ಕೆ ಹೊತ್ತಾಗುತ್ತಿರಲಿಲ್ಲ. “ಕೆಲ್ಲರ್ ಮನೆಯನ್ನು ಒಮ್ಮೆ ಜಾಲಾಡಿ” ಎಂಬ ಒಂದು ಸಾಲು ಸಾಕಿತ್ತು. ಕಥೆಗಾರನಿಗೆ ಬೇಕಾದ ಬಿಕ್ಕಟ್ಟಿಗಾಗಿ ನಾಯಕನನ್ನು ಮೂಗನನ್ನಾಗಿ ಮಾಡಿದ್ದಾರೆ.

ಕಡಲ ತಡಿ:

ತಾರ್ಕಿಕರೇ, ಆ ಪತ್ರವನ್ನೂ ಬರೆಯುವಂತಿಲ್ಲ. ಅದೇ ಈ ಚಿತ್ರದ ಕೀಲು.

ನಾನು ಮಂಗಳೂರು ಕಡೆಯ ಕ್ರೈಸ್ತರ ಮನೆಯವನು. ನಮ್ಮ ಕೊಂಕಣಿಯಲ್ಲಿ ಪಾಪನಿವೇದನೆಗೆ ಕುಮ್ಸಾರ್ ಎನ್ನುತ್ತೇವೆ. ಮೊದಲ ಸಲ ಹೋದದ್ದು ಮೂರನೆಯ ತರಗತಿಯಲ್ಲಿ. ಪಾಪಗಳು ಮರೆತುಹೋಗಬಾರದೆಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಸರದಿಯಲ್ಲಿ ನಿಂತು ನಿಂತು ಅಂಗೈ ಬೆವೆತು ಶಾಯಿ ಕದಡಿ, ನನ್ನ ಸರದಿ ಬರುವಷ್ಟರಲ್ಲಿ ಓದಲು ಉಳಿದದ್ದು ಒಂದೇ ಪಾಪ: ಪಾದ್ರಿಗಳ ಬಂಗಲೆಯ ಹಿತ್ತಲಿನ ಪೇರಳೆ ಕದ್ದದ್ದು. ಮರದ ಜಾಲರಿಯ ಆಚೆ ಕಾಣುತ್ತಿದ್ದುದು ಅವರ ಒಂದು ಕಿವಿ ಮತ್ತು ಅದರ ಮೇಲಿನ ಬಿಳಿಗೂದಲು ಮಾತ್ರ. ಕದ್ದದ್ದು ಅದೇ ಕಿವಿಯ ಯಜಮಾನರ ಮರದಿಂದ! ಹೇಗೋ ಹೇಳಿ ಮುಗಿಸಿದೆ. ಮೂರು ಸಲ ‘ನಮೋ ಮರಿಯ’ ಪ್ರಾರ್ಥನೆ ಹೇಳು ಎಂದರು.

ಆಮೇಲಿನದು ಕೇಳಿ. ಅದೇ ವಾರ ಅವರು ನನ್ನನ್ನು ಕರೆದು, “ನೀನು ಹಗುರವಾಗಿದ್ದೀಯ, ಮರ ಹತ್ತಿ ನಾಲ್ಕು ಪೇರಳೆ ಕೊಯ್ದುಕೊಡು” ಎಂದರು. ಮುಖದಲ್ಲಿ ನಗುವೂ ಇಲ್ಲ, ಅನುಮಾನವೂ ಇಲ್ಲ. ಮನೆಗೆ ಬಂದು ಅಮ್ಮನಿಗೆ ಹೇಳಿದರೆ, “ಅವರಿಗೆ ಅದು ಗೊತ್ತೇ ಇಲ್ಲದ ಹಾಗೆ ನಡೆದುಕೊಳ್ಳಬೇಕು ಮಗಾ, ಅದು ಅವರ ಕಟ್ಟಳೆ” ಎಂದರು.

ಧರ್ಮಸಭೆಯ, ಅಂದರೆ ಕ್ಯಾಥೊಲಿಕ್ ಚರ್ಚಿನ, ಕಾನೂನು ಇರುವುದೂ ಹಾಗೆಯೇ. ಈಗಿನ 1983ರ ಸಂಹಿತೆಯ 983ನೆಯ ವಿಧಿ ಮಾತಿನಿಂದಾಗಲಿ ಬೇರೆ ಯಾವ ರೀತಿಯಿಂದಾಗಲಿ ಪಾಪ ನಿವೇದಿಸಿದವರನ್ನು ಬಯಲು ಮಾಡಬಾರದು ಎನ್ನುತ್ತದೆ. 984ನೆಯದು ಇನ್ನೂ ಬಿಗಿ: ಅಲ್ಲಿ ತಿಳಿದದ್ದನ್ನು ಅವರಿಗೆ ಕೆಡುಕಾಗುವಂತೆ ಬಳಸಲೂಬಾರದು. ಅನಾಮಧೇಯ ಪತ್ರ, ಸನ್ನೆ, ಕೆಲ್ಲರ್‌ನನ್ನು ಕೆಲಸದಿಂದ ತೆಗೆಯುವುದು ಎಲ್ಲವೂ ನಿಷಿದ್ಧ. ಬೇಕೆಂದೇ ನೇರವಾಗಿ ಮುರಿದ ಪಾದ್ರಿಗೆ ಬಹಿಷ್ಕಾರ ತಾನಾಗಿಯೇ ತಗಲುತ್ತದೆ, ಯಾರೂ ಘೋಷಿಸಬೇಕಾಗಿಲ್ಲ. ಚಿತ್ರದ ಕಾಲಕ್ಕೆ 1917ರ ಸಂಹಿತೆ ಜಾರಿಯಲ್ಲಿತ್ತು, ಅದರ ತಿರುಳೂ ಇದೇ.

ತಾರ್ಕಿಕ:

ಪೇರಳೆಗೂ ಕೊಲೆಗೂ ಒಂದೇ ಕಟ್ಟಳೆಯೇ?

ಕಡಲ ತಡಿ:

ಒಂದೇ. ಅದರಲ್ಲಿ ದೊಡ್ಡದು ಚಿಕ್ಕದು ಎಂದಿಲ್ಲ. ಚರ್ಚಿನ 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಕಡ್ಡಾಯ ಎಂದಾಗ, ಅದೇ ಉಸಿರಿನಲ್ಲಿ ಗುಟ್ಟು ಹೊರಹಾಕಿದ ಪಾದ್ರಿಯನ್ನು ಪದವಿಯಿಂದಿಳಿಸಿ ಬದುಕಿರುವವರೆಗೂ ಮಠದಲ್ಲಿ ಪ್ರಾಯಶ್ಚಿತ್ತಕ್ಕೆ ಕೂರಿಸಬೇಕೆಂದೂ ಹೇಳಿತು. ಪ್ರಾಗ್ ನಗರದಲ್ಲಿ 1393ರಲ್ಲಿ ರಾಜ ನಾಲ್ಕನೆಯ ವೆನ್ಸೆಸ್ಲಾಸ್ ನೆಪೊಮುಕ್‌ನ ಜಾನ್ ಎಂಬ ಪಾದ್ರಿಯನ್ನು ವ್ಲ್ಟಾವಾ ನದಿಗೆ ಎಸೆಸಿದ. ರಾಣಿ ಪಾಪನಿವೇದನೆಯಲ್ಲಿ ಏನು ಹೇಳಿದಳೆಂದು ಬಾಯಿ ಬಿಡದ್ದಕ್ಕೆ ಎಂಬುದು ಐತಿಹ್ಯ. ಬಿಷಪರ ಮತ್ತು ರಾಜನ ನಡುವಿನ ಅಧಿಕಾರದ ಜಗಳ ಕಾರಣ ಎಂಬುದು ಇತಿಹಾಸಕಾರರ ಮಾತು. 1729ರಲ್ಲಿ ಸಂತ ಪದವಿ ಕೊಟ್ಟರು. ನಮ್ಮ ಧರ್ಮೋಪದೇಶದ ತರಗತಿಯಲ್ಲಿ ಹೇಳಿದ್ದು ಐತಿಹ್ಯವನ್ನು ಮಾತ್ರ, ಹೇಳಬೇಕೇ!

ಮುಂದಿನ ಸಾಲು:

ತಾರ್ಕಿಕರ ಅಸಮಾಧಾನ ಹೊಸದಲ್ಲ. ಹಿಚ್‌ಕಾಕ್‌ನೇ ಮುಂದೆ ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ಟ್ರೂಫೊ ಜೊತೆಗಿನ ಮಾತುಕತೆಯಲ್ಲಿ ಇದನ್ನು ಒಪ್ಪಿಕೊಂಡಿದ್ದಾನೆ. ಕ್ಯಾಥೊಲಿಕರಾದ ನಮಗೆ ಪಾದ್ರಿ ಬಾಯಿ ಬಿಡುವಂತಿಲ್ಲ ಎಂಬುದು ಗೊತ್ತು, ಉಳಿದವರಿಗೆ ಇದೆಲ್ಲ ಹುಚ್ಚಾಟವಾಗಿ ಕಾಣುತ್ತದೆ, ಆದ್ದರಿಂದ ಈ ಚಿತ್ರ ಮಾಡಲೇಬಾರದಿತ್ತು ಎಂಬ ಧಾಟಿಯಲ್ಲಿ. ಲಂಡನ್ನಿನಲ್ಲಿ ಹುಟ್ಟಿ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಪಾದ್ರಿಗಳ ಸಂಘದ ಶಾಲೆಯಲ್ಲಿ ಓದಿದವನು ಅವನು. ತನ್ನೊಳಗೆ ಅಷ್ಟು ಸಹಜವಾಗಿದ್ದದ್ದು ಹೊರಗಿನವರಿಗೆ ಒಗಟು ಎಂಬುದು ತಡವಾಗಿ ಹೊಳೆದಿರಬೇಕು.

ಮೂಲ 1902ರ ಒಂದು ಫ್ರೆಂಚ್ ನಾಟಕ, ಪಾಲ್ ಆಂಥೆಲ್ಮ್‌ನದು. ಚಿತ್ರಕಥೆಯ ಹಿಂದಿನ ಕರಡುಗಳಲ್ಲಿ ಪಾದ್ರಿಗೆ ಆ ಹಳೆಯ ಪ್ರೇಮದಿಂದ ಒಂದು ಮಗುವಿತ್ತು, ಕೊನೆಗೆ ನಿರಪರಾಧಿಯಾದ ಅವನನ್ನು ಗಲ್ಲಿಗೂ ಹಾಕುತ್ತಿದ್ದರು. ವಾರ್ನರ್ ಸಂಸ್ಥೆ ಎರಡನ್ನೂ ಒಪ್ಪಲಿಲ್ಲ. ತಮಾಷೆ ನೋಡಿ: ರುತ್ ಪಾತ್ರಕ್ಕೆಂದು ಸ್ವೀಡನ್ನಿನಿಂದ ಕರೆಸಿದ್ದ ಆನಿತಾ ಬ್ಯೋರ್ಕ್ ಮದುವೆಯಾಗದ ಗೆಳೆಯನನ್ನೂ ಮಗುವನ್ನೂ ಕರೆದುಕೊಂಡು ಬಂದಿಳಿದಳು. ಕಥೆಯ ಮಗುವನ್ನು ಹೊಡೆದುಹಾಕಿದ್ದ ಕಂಪನಿ ನಿಜವಾದ ಮಗುವನ್ನು ಕಂಡು ಬೆಚ್ಚಿಬಿದ್ದು ನಟಿಯನ್ನೇ ವಾಪಸು ಕಳುಹಿಸಿತು. ಆ ಜಾಗಕ್ಕೆ ಬಂದವಳು ಆ್ಯನ್ ಬ್ಯಾಕ್ಸ್‌ಟರ್.

ಲೋಗನ್ ಗಲ್ಲಿಗೇರಿದ್ದರೆ ಇದು ಬೇರೆಯೇ ಎತ್ತರದ ಚಿತ್ರವಾಗುತ್ತಿತ್ತು ಎಂದು ನನ್ನ ಖಚಿತ ಅಭಿಪ್ರಾಯ. ಕೆನಡಾದಲ್ಲಿ ಕೊನೆಯ ಗಲ್ಲು 1962ರಲ್ಲಿ, ಸಾಮಾನ್ಯ ಅಪರಾಧಗಳಿಗೆ ಮರಣದಂಡನೆ ಹೋದದ್ದು 1976ರಲ್ಲಿ. ಹಾಗಾಗಿ ಕಥೆಯ ಕಾಲಕ್ಕೆ ಹಗ್ಗ ಬರೀ ಉಪಮೆಯಲ್ಲ.

ಕರಿ ಕೋಟು:

ಮೂವತ್ತು ವರ್ಷ ಸೆಷನ್ಸ್ ಕೋರ್ಟಿನ ಮೆಟ್ಟಿಲು ಸವೆಸಿದವನ ಒಂದು ತಕರಾರು. ಲೋಗನ್ ಸಾಕ್ಷಿಕಟ್ಟೆ ಹತ್ತಿದ್ದೇಕೆ?

ಆರೋಪಿಯನ್ನು ಸಾಕ್ಷಿಯಾಗಲು ಪ್ರಾಸಿಕ್ಯೂಷನ್ ಬಲವಂತಪಡಿಸುವಂತಿಲ್ಲ, ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ನಮ್ಮಲ್ಲಿ ಸಂವಿಧಾನದ 20(3)ನೆಯ ವಿಧಿ ಇದೆ. ಹಳೆಯ ದಂಡಪ್ರಕ್ರಿಯಾ ಸಂಹಿತೆಯ 315ನೆಯ ಕಲಮಿನ ಪ್ರಕಾರ ಆರೋಪಿ ತಾನೇ ಬರೆದು ಕೇಳಿಕೊಂಡರೆ ಮಾತ್ರ ಸಾಕ್ಷಿಯಾಗಬಹುದು. ಲೋಗನ್ ಕಟಕಟೆಯಲ್ಲೇ ಸುಮ್ಮನೆ ಕುಳಿತಿದ್ದರೆ, ರಕ್ತದ ಕಲೆಯ ನಿಲುವಂಗಿ ನಿನ್ನ ಪೆಟ್ಟಿಗೆಗೆ ಹೇಗೆ ಬಂತು ಎಂದು ಯಾರೂ ಅವನನ್ನು ಕೇಳುವಂತಿರಲಿಲ್ಲ. ಮೇಲೇರಿ, ಪ್ರಮಾಣ ಮಾಡಿ, “ಹೇಳಲಾರೆ” ಎನ್ನುವ ಸಾಕ್ಷಿಗಿಂತ ಕೆಟ್ಟ ಸಾಕ್ಷಿ ಇಲ್ಲ. ಅವನ ವಕೀಲ ನನ್ನ ಕಿರಿಯನಾಗಿದ್ದರೆ ಅಂದೇ ಕಚೇರಿಯ ಕೀಲಿ ವಾಪಸು ಇಸಿದುಕೊಳ್ಳುತ್ತಿದ್ದೆ. ಇಷ್ಟಾದರೂ ಜ್ಯೂರಿ ಪುರಾವೆ ಸಾಲದೆಂದು ಬಿಟ್ಟಿತು, ಅವನ ಪುಣ್ಯ. ತೀರ್ಪು ಕೇಳಿ ನ್ಯಾಯಾಧೀಶರು “ನನಗೆ ವೈಯಕ್ತಿಕವಾಗಿ ಒಪ್ಪಿಗೆಯಿಲ್ಲ” ಎನ್ನುವುದು ಮಾತ್ರ ಕಿವಿಗೆ ಕಾದ ಸೀಸ.

ಮತ್ತೆ, ಪ್ರಾಸಿಕ್ಯೂಟರ್ ರಾಬರ್ಟ್‌ಸನ್ ಔತಣಕೂಟದಲ್ಲಿ ಹಣೆಯ ಮೇಲೆ ನೀರಿನ ಲೋಟ ನಿಲ್ಲಿಸಿಕೊಂಡು ಆಟವಾಡುತ್ತಾನಲ್ಲ, ಅದನ್ನು ಅತಿರೇಕ ಎನ್ನಬೇಡಿ. ಅಂಥವರನ್ನು ನಾನು ಕಂಡಿದ್ದೇನೆ.

ಹಳೆಯ ರೀಲು:

ಕರಿ ಕೋಟು ಸರ್, ನಮ್ಮ ದೇಶದಲ್ಲಿ ಲೋಗನ್ ಆರೋಪಿಯಲ್ಲದೆ ಬರೀ ಸಾಕ್ಷಿಯಾಗಿದ್ದರೆ? ಪಾದ್ರಿಗೆ ಬಾಯಿ ಮುಚ್ಚಿಕೊಳ್ಳುವ ಹಕ್ಕು ಕಾನೂನಿನಲ್ಲಿ ಇದೆಯೇ?

ಕರಿ ಕೋಟು:

ಇಲ್ಲ. ವಕೀಲನಿಗೆ ಕಕ್ಷಿದಾರ ಹೇಳಿದ್ದಕ್ಕೆ ರಕ್ಷಣೆಯಿದೆ, 1872ರ ಸಾಕ್ಷ್ಯ ಅಧಿನಿಯಮದ 126ನೆಯ ಕಲಮಿನಿಂದ ಈಗಿನ ಹೊಸ ಕಾನೂನಿನವರೆಗೂ ಅದು ನಡೆದುಬಂದಿದೆ. ಪಾದ್ರಿಗೆ, ಮೌಲ್ವಿಗೆ, ಮಠದ ಸ್ವಾಮಿಗಳಿಗೆ ಅಂಥದ್ದು ಬರೆದಿಲ್ಲ. ಕೆನಡಾದ ಸರ್ವೋಚ್ಚ ನ್ಯಾಯಾಲಯವೂ 1991ರ ಗ್ರೂಯೆಂಕ್ ಪ್ರಕರಣದಲ್ಲಿ ಸಾರಾಸಗಟು ರಕ್ಷಣೆ ಇಲ್ಲ, ಪ್ರಕರಣ ನೋಡಿ ತೀರ್ಮಾನಿಸಬೇಕು ಎಂದಿತು. ಕ್ವೆಬೆಕ್ ಪ್ರಾಂತ್ಯ ಮಾತ್ರ 1975ರ ತನ್ನ ಹಕ್ಕುಗಳ ಸನ್ನದಿನಲ್ಲಿ ಪಾದ್ರಿಗಳ ಹೆಸರನ್ನೇ ಎತ್ತಿ ಗುಟ್ಟಿಗೆ ರಕ್ಷಣೆ ಕೊಟ್ಟಿದೆ.

ಗಡಿನಾಡು:

ಕಾಸರಗೋಡಿನಿಂದ ಬರೆಯುತ್ತಿದ್ದೇನೆ. “ನಂಬಲಾಗದು” ಎನ್ನುವವರು ಕೇರಳದ ಮಾಡತ್ತರುವಿ ಪ್ರಕರಣ ಓದಬೇಕು. 1966ರಲ್ಲಿ ರಾನ್ನಿ ಬಳಿ ಒಬ್ಬ ವಿಧವೆಯ ಕೊಲೆಯಾಯಿತು. ಫಾದರ್ ಬೆನೆಡಿಕ್ಟ್ ಓಣಂಕುಳಂ ಅವರನ್ನು ಬಂಧಿಸಿದರು, ಸೆಷನ್ಸ್ ಕೋರ್ಟು ಮರಣದಂಡನೆಯನ್ನೇ ವಿಧಿಸಿತು. 1967ರಲ್ಲಿ ಹೈಕೋರ್ಟು ಅವರನ್ನು ಖುಲಾಸೆ ಮಾಡಿತು. ನಿಜ ಸಂಗತಿ ಅವರಿಗೆ ಪಾಪನಿವೇದನೆಯಲ್ಲಿ ತಿಳಿದಿತ್ತು, ಅದಕ್ಕೇ ತುಟಿ ಬಿಚ್ಚಲಿಲ್ಲ ಎಂದು ಅಲ್ಲಿನ ಭಕ್ತರು ಇಂದಿಗೂ ನಂಬುತ್ತಾರೆ. ಆ ನಂಬಿಕೆ ಸರಿಯೋ ತಪ್ಪೋ ನಾನು ತೀರ್ಮಾನಿಸಲು ಹೋಗುವುದಿಲ್ಲ. ಗಲ್ಲಿನ ಶಿಕ್ಷೆಯ ತೀರ್ಪು ಕೇಳಿದ ಪಾದ್ರಿಯೊಬ್ಬರು ನಾನಿರುವ ಈ ರಾಜ್ಯದಲ್ಲೇ ಇದ್ದರು ಎಂಬುದಷ್ಟು ನಿಜ.

ಆ 1967ರಲ್ಲೇ ಈ ಪ್ರಕರಣದ ಜಾಡಿನಲ್ಲಿ ಮಲಯಾಳದಲ್ಲಿ ಎರಡು ಚಿತ್ರಗಳು ಬಂದವು. ಎರಡು! ನಮ್ಮವರ ವೇಗಕ್ಕೆ ಹಿಚ್‌ಕಾಕ್ ಎಲ್ಲಿ ಸಾಟಿ.

ಹಿಮದೂರಿನ ಕನ್ನಡತಿ:

ನಾನಿರುವುದು ಮಾಂಟ್ರಿಯಲ್‌ನಲ್ಲಿ. ಕ್ವೆಬೆಕ್ ನಗರ ಇಲ್ಲಿಂದ ಬಸ್ಸಿನಲ್ಲಿ ಮೂರು ಗಂಟೆ ಚಿಲ್ಲರೆ. ಊರಿನಿಂದ ಯಾರೇ ಬಂದರೂ ಕರೆದುಕೊಂಡು ಹೋಗುವ ಜಾಗ ಅದು. ಹಾಗಾಗಿ ಆ ಮೆಟ್ಟಿಲುಗಳ ಬಗ್ಗೆ ನನ್ನ ಮೊಣಕಾಲುಗಳಿಗೆ ಚೆನ್ನಾಗಿ ಗೊತ್ತು. ಮೇಲಿನ ಊರು, ಕೆಳಗಿನ ಊರು ಎಂದು ಎರಡು ಭಾಗ, ನಡುವೆ ಕಡಿದಾದ ಮೆಟ್ಟಿಲುಗಳು. ಚಿತ್ರದ ಆರಂಭದಲ್ಲಿ ಅಂಥದೊಂದು ಮೆಟ್ಟಿಲಸಾಲಿನ ತುದಿಯಲ್ಲಿ ಅಡ್ಡ ಹಾದುಹೋಗುವ ದಢೂತಿ ನೆರಳು ಹಿಚ್‌ಕಾಕ್‌ನದೇ. ಕೊನೆಯ ಗುಂಡಿನ ಕಾಳಗ ನಡೆಯುವ ಶಾಟೊ ಫ್ರಾಂಟೆನಾಕ್ ಹೋಟೆಲು ಸೇಂಟ್ ಲಾರೆನ್ಸ್ ನದಿಯ ನೆತ್ತಿಯ ಮೇಲೆ ಇಂದಿಗೂ ಕೋಟೆಯಂತೆ ನಿಂತಿದೆ. ಒಳಗೆ ಹೋಗಿ ಒಂದು ಕಾಫಿ ಕುಡಿದೆವು. ಬಿಲ್ಲು ನೋಡಿ ಅಪ್ಪ ಮಾಡಿದ ಮುಖ, ಕೆಲ್ಲರ್ ಗುಂಡು ತಿಂದಾಗ ಮಾಡಿದ ಮುಖ, ಎರಡಕ್ಕೂ ದೊಡ್ಡ ವ್ಯತ್ಯಾಸವಿರಲಿಲ್ಲ.

ಊರು ಮುಖ್ಯ, ಯಾಕೆಂದು ಹೇಳುತ್ತೇನೆ. 1952ರಲ್ಲಿ ಚಿತ್ರೀಕರಣ ನಡೆದಾಗ ಕ್ವೆಬೆಕ್ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯಂತೆ) ಡುಪ್ಲೆಸಿಯ ಆಳ್ವಿಕೆಯಲ್ಲಿತ್ತು. ಶಾಲೆ, ಆಸ್ಪತ್ರೆ ಎಲ್ಲ ಚರ್ಚಿನ ಕೈಯಲ್ಲಿ. ಬೀದಿಯಲ್ಲಿ ನಿಲುವಂಗಿ ಕಂಡರೆ ಟೋಪಿ ತೆಗೆಯುತ್ತಿದ್ದ ಕಾಲ. ಅಂಥ ಊರಿನಲ್ಲಿ ಪಾದ್ರಿಯೊಬ್ಬ ಕೋರ್ಟಿನ ಮೆಟ್ಟಿಲಿಳಿದು ಬರುವಾಗ ಜನ ಅವನನ್ನು ಹೀಯಾಳಿಸುವುದೆಂದರೆ ಸಣ್ಣ ಮಾತಲ್ಲ. ಚಿತ್ರವನ್ನು ಮೊದಲು ತೋರಿಸಿದ್ದೂ ಅದೇ ಊರಿನಲ್ಲಿ. ಅಲ್ಲಿನ ಸೆನ್ಸಾರಿನವರು ಕತ್ತರಿ ಆಡಿಸಿಯೇ ಬಿಟ್ಟರು. ಹತ್ತು ವರ್ಷ ಕಳೆಯುವುದರೊಳಗೆ ಇಲ್ಲಿಯವರು ‘ಮೌನ ಕ್ರಾಂತಿ’ ಎನ್ನುವ ಬದಲಾವಣೆ ಶುರುವಾಗಿ ಶಾಲೆಗಳೂ ಆಸ್ಪತ್ರೆಗಳೂ ಸರ್ಕಾರದ ಕೈಗೆ ಬಂದವು. ಈಗ ಇಲ್ಲಿನ ಎಷ್ಟೋ ಚರ್ಚುಗಳು ಗ್ರಂಥಾಲಯ, ವಸತಿ ಸಮುಚ್ಚಯಗಳಾಗಿವೆ.

ಇಷ್ಟವಾದರೆ ರೋಬೆರ್ ಲಪಾಜ್ 1995ರಲ್ಲಿ ಮಾಡಿದ ‘ಲ ಕನ್ಫೆಸ್ಯೊನಾಲ್’ ಕೂಡ ನೋಡಿ. ಹಿಚ್‌ಕಾಕ್ ಬಂದು ಚಿತ್ರೀಕರಣ ನಡೆಸುತ್ತಿರುವ ಅದೇ 1952ರಲ್ಲಿ, ಅದೇ ಊರಿನಲ್ಲಿ, ಹದಿನಾರರ ಹುಡುಗಿಯೊಬ್ಬಳು ಗರ್ಭಿಣಿಯೆಂದು ಪಾದ್ರಿಯ ಬಳಿ ನಿವೇದಿಸಿಕೊಳ್ಳುತ್ತಾಳೆ. ಮಗುವಿನ ತಂದೆ ಯಾರೆಂಬ ಗುಟ್ಟು ಮುಂದಿನ ತಲೆಮಾರನ್ನು ಬೆನ್ನಟ್ಟುತ್ತದೆ. ವಾರ್ನರ್‌ನವರು ಹೊಡೆದುಹಾಕಿದ ಮಗುವಿಗೆ ಲಪಾಜ್ ನಲವತ್ತು ವರ್ಷದ ನಂತರ ಬೇರೆ ಮನೆಯಲ್ಲಿ ತೊಟ್ಟಿಲು ಕಟ್ಟಿದಂತಿದೆ.

ತಾರ್ಕಿಕ:

ಊರಿನ ವರ್ಣನೆ ಚೆನ್ನಾಗಿದೆ. ಆದರೆ ಎಲ್ಲರೂ ಈ ಮೌನಕ್ಕೆ ಹಾರ ಹಾಕುತ್ತಿದ್ದೀರಿ. ಇದೇ ಮೌನದ ಹಿಂದೆ ಮಕ್ಕಳ ಮೇಲೆ ದೌರ್ಜನ್ಯ ಮಾಡಿದವರು ಎಷ್ಟು ವರ್ಷ ಅಡಗಿ ಕುಳಿತರು? ಆಸ್ಟ್ರೇಲಿಯಾದಲ್ಲಿ ಇದರ ತನಿಖೆಗೆ ನೇಮಿಸಿದ ರಾಯಲ್ ಕಮಿಷನ್ 2017ರಲ್ಲಿ ವರದಿ ಕೊಟ್ಟ ಮೇಲೆ ವಿಕ್ಟೋರಿಯಾ, ಕ್ವೀನ್ಸ್‌ಲೆಂಡ್ ರಾಜ್ಯಗಳು ಪಾಪನಿವೇದನೆಯಲ್ಲಿ ಕೇಳಿದ್ದಾದರೂ ಪೊಲೀಸರಿಗೆ ತಿಳಿಸಲೇಬೇಕೆಂದು ಕಾನೂನು ಮಾಡಿದವು. ನಮ್ಮ ಪೋಕ್ಸೊ ಕಾಯ್ದೆಯ 19ನೆಯ ಕಲಮೂ ತಿಳಿದವರು ಯಾರೇ ಆಗಲಿ ವರದಿ ಮಾಡಬೇಕೆನ್ನುತ್ತದೆ. ಪಾದ್ರಿಗೆ ಅಲ್ಲಿ ರಿಯಾಯಿತಿ ಇಲ್ಲ. ಲೋಗನ್ ಚೆಂದದ ಕಣ್ಣಿನವನಾದ್ದರಿಂದ ಅವನ ಮೌನ ನಮಗೆ ತ್ಯಾಗವಾಗಿ ಕಾಣುತ್ತದೆ. ಕೆಲ್ಲರ್ ಮಾರನೆಯ ದಿನ ಇನ್ನೊಬ್ಬನನ್ನು ಕೊಂದಿದ್ದರೆ?

ಕಡಲ ತಡಿ:

ಕೊಲ್ಲುತ್ತಾನಲ್ಲ, ಚಿತ್ರದಲ್ಲೇ. ಹೋಟೆಲಿನಲ್ಲಿ ಓಡುವಾಗ. ಅದಕ್ಕೂ ಮೊದಲು ಕೋರ್ಟಿನ ಮುಂದೆ.

ನಿಮ್ಮ ಮಾತಿಗೆ ನನ್ನ ಬಳಿ ಸಿದ್ಧ ಉತ್ತರವಿಲ್ಲ. ನಮ್ಮ ಮನೆಯಲ್ಲೇ ಇದರ ಮೇಲೆ ಎರಡು ಪಕ್ಷ. ಅಣ್ಣ ನಿಮ್ಮ ಕಡೆ. ಅಮ್ಮನ ವಾದ, ಹೊರಗೆ ಹೋಗುತ್ತದೆಂದು ಗೊತ್ತಾದರೆ ತಪ್ಪು ಮಾಡಿದವನು ಪಾಪನಿವೇದನೆಯ ಪೆಟ್ಟಿಗೆಯ ಹತ್ತಿರವೇ ಸುಳಿಯುವುದಿಲ್ಲ, ಪೊಲೀಸರಿಗೆ ಶರಣಾಗು ಎಂದು ಅವನ ಕಿವಿಯಲ್ಲಿ ಹೇಳುವ ಒಬ್ಬನೂ ಇಲ್ಲದಂತಾಗುತ್ತದೆ ಎಂದು. ಅದಕ್ಕೆ ಅಣ್ಣ, “ಹೇಳಿ ಶರಣಾದವರನ್ನು ಎಷ್ಟು ಜನರನ್ನು ಕಂಡಿದ್ದೀರಿ?” ಎನ್ನುತ್ತಾನೆ. ಅಲ್ಲಿಗೆ ಊಟದ ತಟ್ಟೆಗಳು ಎದ್ದುಹೋಗುತ್ತವೆ.

ಸುಮ್ಮನೆ ಓದುವವಳು:

ಇಷ್ಟು ಹೊತ್ತು ಬರೀ ಓದುತ್ತಿದ್ದೆ. ಲೋಗನ್ ಹೇಳಬೇಕಿತ್ತೇ, ಬಾರದಿತ್ತೇ ಎಂದು ಇಷ್ಟು ಜನ ಕಿತ್ತಾಡಿದಿರಿ. ಆಲ್ಮಾಳ ಹೆಸರನ್ನು ಒಬ್ಬರೂ ಎತ್ತಲಿಲ್ಲವಲ್ಲ!

ಕೆಲ್ಲರ್‌ನ ಹೆಂಡತಿ. ಪಾದ್ರಿಗಳ ಮನೆಯ ಅಡುಗೆ-ಕಸ ನೋಡಿಕೊಳ್ಳುವವಳು. ಗಂಡ ಕೊಂದದ್ದು ಆ ರಾತ್ರಿಯೇ ಅವಳಿಗೂ ಗೊತ್ತಾಗುತ್ತದೆ. ಅವಳಿಗೆ ಯಾವ ದೀಕ್ಷೆ, ಯಾವ ಕಟ್ಟಳೆ? ಯಾವ ಸಂಹಿತೆಯೂ ಅವಳ ಬಾಯಿ ಕಟ್ಟಿಲ್ಲ. ಆದರೂ ಸುಮ್ಮನಿದ್ದಾಳೆ. ಕೊಲೆಯ ಮರುದಿನ ಬೆಳಗಿನ ಉಪಾಹಾರದ ದೃಶ್ಯ ಮತ್ತೊಮ್ಮೆ ನೋಡಿ. ಪಾದ್ರಿಗಳು ಕುಳಿತು ಲೋಕಾಭಿರಾಮ ಮಾತನಾಡುತ್ತಿದ್ದಾರೆ, ಅವಳು ಕಾಫಿ ಬಗ್ಗಿಸುತ್ತಾ ಮೇಜಿನ ಸುತ್ತ ಬರುತ್ತಾಳೆ. ಮಾತು ಒಂದು ಕಡೆ, ಕ್ಯಾಮೆರಾ ಒಂದು ಕಡೆ. ಅವಳ ಕಣ್ಣು ಲೋಗನ್‌ನ ಬೆನ್ನ ಮೇಲೆ, ಕೆನ್ನೆಯ ಮೇಲೆ: ಈತ ಹೇಳುತ್ತಾನೋ, ಇಲ್ಲವೋ? ಗಂಡ ಮಾಡಿದ್ದಕ್ಕೆ ಯಜಮಾನರ ಮುಖ ಓದುತ್ತಾ ಕಾಫಿ ಬಡಿಸುವ ಹೆಂಗಸು. ಇಡೀ ಚಿತ್ರದಲ್ಲಿ ನನ್ನ ಎದೆ ಡವಗುಟ್ಟಿದ್ದು ಅಲ್ಲಿ. ಕೋರ್ಟಿನಲ್ಲಲ್ಲ, ಹೋಟೆಲಿನಲ್ಲೂ ಅಲ್ಲ.

ಕೊನೆಗೆ ಬಾಯಿ ಬಿಡುವವಳೂ ಅವಳೇ. ಜನ ಲೋಗನ್ ಮೇಲೆ ಮುಗಿಬೀಳುವುದನ್ನು ನೋಡಲಾರದೆ ಗುಂಪನ್ನು ಸೀಳಿಕೊಂಡು ಓಡುತ್ತಾಳೆ. ಗಂಡನೇ ಗುಂಡು ಹೊಡೆಯುತ್ತಾನೆ. “ನಿನಗಾಗಿಯೇ ಕಳವಿಗೆ ಹೋದೆ, ನೀನು ಇಷ್ಟು ದುಡಿಯುವುದನ್ನು ನೋಡಲಾರದೆ” ಎನ್ನುವ ಧಾಟಿಯಲ್ಲಿ ಗೋಳಾಡಿದ್ದ ಗಂಡ! ನಮ್ಮ ಬೀದಿಯಲ್ಲೂ ಇಂಥ ಗಂಡಂದಿರನ್ನು ಕಂಡಿದ್ದೇನೆ, ಬಂದೂಕು ಇರಲಿಲ್ಲ ಅಷ್ಟೇ. ಸ್ಪ್ಯಾನಿಷ್, ಪೋರ್ಚುಗೀಸ್ ಭಾಷೆಗಳಲ್ಲಿ ‘ಆಲ್ಮಾ’ ಎಂದರೆ ಆತ್ಮ. ಹೆಸರಿಟ್ಟವರಿಗೆ ಅದು ಗೊತ್ತಿತ್ತೋ ಇಲ್ಲವೋ, ನನಗಂತೂ ಇಡೀ ಚಿತ್ರದ ಆತ್ಮ ಅವಳೇ.

ಕರಿ ಕೋಟು:

ಅಮ್ಮಾ, ನೀವು ನನ್ನ ನಿದ್ದೆ ಕೆಡಿಸಿದಿರಿ. ಯಾವ ಸಂಹಿತೆಯೂ ಅವಳ ಬಾಯಿ ಕಟ್ಟಿಲ್ಲ ಎಂದಿರಲ್ಲ, ಕ್ವೆಬೆಕ್ಕಿನ ಮಾತು ಬಿಡಿ, ಇದೇ ಕಥೆ ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ನಡೆದಿದ್ದರೆ ಕಟ್ಟುತ್ತಿತ್ತು!

ಸಾಕ್ಷ್ಯ ಅಧಿನಿಯಮದ 122ನೆಯ ಕಲಮು: ದಾಂಪತ್ಯದಲ್ಲಿ ಗಂಡ ಹೆಂಡತಿಗೆ ಹೇಳಿದ ಮಾತನ್ನು ಗಂಡನ ಒಪ್ಪಿಗೆಯಿಲ್ಲದೆ ಅವಳು ಕೋರ್ಟಿನಲ್ಲಿ ಹೇಳುವಂತಿಲ್ಲ. ಅವಳಿಗೆ ಮನಸ್ಸಿದ್ದರೂ ಕೋರ್ಟು ಬಿಡುವಂತಿಲ್ಲ. ಗಂಡ-ಹೆಂಡಿರ ನಡುವಿನ ದಾವೆ, ಒಬ್ಬರ ಮೇಲೆ ಒಬ್ಬರು ಎಸಗಿದ ಅಪರಾಧ, ಇಷ್ಟಕ್ಕೆ ಮಾತ್ರ ವಿನಾಯಿತಿ. ಹೊಸ ಕಾನೂನಿನಲ್ಲೂ ಈ ತತ್ವ ಉಳಿದಿದೆ. ಅಂದರೆ ನಮ್ಮಲ್ಲಿ ಪಾದ್ರಿ ಹೇಳಬೇಕು, ಹೆಂಡತಿ ಹೇಳಬಾರದು. ಚಿತ್ರವೇ ತಲೆಕೆಳಗಾಗುತ್ತದೆ.

ಒಂದು ಸಂದು ಇದೆ. ರಾಮ್ ಭರೋಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1954ರಲ್ಲೇ ಹೇಳಿದೆ: ಗಂಡ ಆಡಿದ ಮಾತಿಗೆ ತಡೆಯಿದೆ, ಅವನು ಮಾಡಿದ್ದನ್ನು ಕಣ್ಣಾರೆ ಕಂಡದ್ದಕ್ಕೆ ತಡೆಯಿಲ್ಲ. “ಕೊಂದೆ ಎಂದ” ಎನ್ನುವಂತಿಲ್ಲ. “ರಾತ್ರಿ ಪಾದ್ರಿಯ ಅಂಗಿ ಹಿಡಿದುಕೊಂಡು ಒಳಗೆ ಬಂದ” ಎನ್ನಬಹುದು. ಆಲ್ಮಾ ನನ್ನ ಸಾಕ್ಷಿಯಾಗಿದ್ದರೆ ಅಷ್ಟರಲ್ಲೇ ಕೆಲಸ ಮುಗಿಸುತ್ತಿದ್ದೆ.

ಮುಂದಿನ ಸಾಲು:

ಆಲ್ಮಾ ಪಾತ್ರದ ಡಾಲಿ ಹಾಸ್, ಕೆಲ್ಲರ್ ಪಾತ್ರದ ಓ. ಇ. ಹಾಸ್ಸೆ ಇಬ್ಬರೂ ಜರ್ಮನಿಯ ಕಲಾವಿದರು. ಡಾಲಿ ಹಾಸ್ ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟು ಬಂದವಳು. ಪರದೇಶಿಯ ಆ ಮುದುಡಿದ ನಡಿಗೆ ನಟನೆಯಷ್ಟೇ ಅಲ್ಲ ಎನಿಸುತ್ತದೆ.

ಲೋಗನ್ ಪಾತ್ರದ ಮಾಂಟ್ಗೊಮರಿ ಕ್ಲಿಫ್ಟ್ ಬಗ್ಗೆಯೂ ಹೇಳಲೇಬೇಕು. ಸೆಟ್ಟಿಗೆ ತನ್ನ ನಟನೆಯ ಗುರು ಮೀರಾ ರೊಸ್ಟೋವಾಳನ್ನು ಕರೆತಂದು, ಪ್ರತಿ ಟೇಕಿನ ನಂತರ ನಿರ್ದೇಶಕನನ್ನು ಬಿಟ್ಟು ಅವಳ ಮುಖ ನೋಡುತ್ತಿದ್ದನಂತೆ. ಎಡಕ್ಕೆ ನೋಡು ಎಂದರೆ ಯಾಕೆ ನೋಡಬೇಕು ಎಂದು ಕೇಳುವ ನಟ, ನಾನು ಕಟ್ ಮಾಡಬೇಕು ಅದಕ್ಕೆ ಎನ್ನುವ ನಿರ್ದೇಶಕ. ಆದರೂ ಮಾತಿಲ್ಲದ ಪಾತ್ರವನ್ನು ಒಂದೂವರೆ ಗಂಟೆ ಬರೀ ಕಣ್ಣಿನಲ್ಲಿ ಹೊತ್ತವನು ಅವನೇ. ಬಂಧನಕ್ಕೆ ಮೊದಲು ಊರು ಸುತ್ತುವಾಗ ಅಂಗಡಿಯ ಗಾಜಿನಾಚೆ ತಲೆಯಿಲ್ಲದ ಬೊಂಬೆಗೆ ತೊಡಿಸಿದ ಸೂಟನ್ನು ನೋಡುತ್ತಾ ನಿಲ್ಲುತ್ತಾನೆ. ಈ ಅಂಗಿ ಕಳಚಿ ಅದನ್ನು ತೊಟ್ಟರೆ? ಅಷ್ಟೇ, ಮುಂದಕ್ಕೆ ನಡೆಯುತ್ತಾನೆ. ಶಿಲುಬೆ ಹೊತ್ತ ಯೇಸುವಿನ ಪ್ರತಿಮೆಯ ಕೆಳಗೆ, ದೂರದಲ್ಲಿ, ಇರುವೆಯಷ್ಟು ಚಿಕ್ಕದಾಗಿ ಹಾದುಹೋಗುವ ನೋಟ ಛಾಯಾಗ್ರಾಹಕ ರಾಬರ್ಟ್ ಬರ್ಕ್ಸ್‌ನ ಕೈಚಳಕ.

ರುತ್ ನಿಧಾನಗತಿಯಲ್ಲಿ ಮೆಟ್ಟಿಲಿಳಿದು ಬರುವ ನೆನಪಿನ ದೃಶ್ಯವನ್ನು ಮಾತ್ರ ಸಮರ್ಥಿಸಲಾರೆ. ಹಿನ್ನೆಲೆಯಲ್ಲಿ ಹೆಂಗಸಿನ ರಾಗಾಲಾಪ ಬೇರೆ. ಸಾಬೂನಿನ ಜಾಹೀರಾತು.

ಹಳೆಯ ರೀಲು:

ನಿನ್ನೆ ರಾತ್ರಿ ಎರಡನೆಯ ಸಲ ನೋಡಿದೆ, ಈ ಸಲ ಆಲ್ಮಾಳನ್ನಷ್ಟೇ ಹಿಂಬಾಲಿಸಿಕೊಂಡು. ಗುಂಡು ತಿಂದು ಲೋಗನ್ ತೋಳಿನಲ್ಲಿ ಕುಸಿದಾಗ ಅವಳು ಕೇಳುವುದು ಕ್ಷಮೆಯನ್ನು. ಮೊದಲ ಸಲ ಇದನ್ನು ಗಮನಿಸಿಯೇ ಇರಲಿಲ್ಲ, ನನ್ನ ಕಣ್ಣೆಲ್ಲ ಕೆಲ್ಲರ್ ಓಡುವ ದಿಕ್ಕಿಗಿತ್ತು. ಹೋಟೆಲಿನಲ್ಲಿ ಕೆಲ್ಲರ್ ಮಾಡುವ ತಪ್ಪೂ ಈಗ ಸ್ಪಷ್ಟವಾಯಿತು. ಪಾದ್ರಿ ಮಾತು ಮುರಿದೇಬಿಟ್ಟಿದ್ದಾನೆಂದು ಭಾವಿಸಿ ಅವನು ಕೂಗಾಡುತ್ತಾನೆ, ಆ ಕೂಗಾಟವೇ ಲಾರೂಗೆ ಎಲ್ಲವನ್ನೂ ಹೇಳಿಬಿಡುತ್ತದೆ. ಲೋಗನ್ ಆಗಲೂ ಏನೂ ಹೇಳಿಲ್ಲ. ಸಾಯುವಾಗ ಕೆಲ್ಲರ್ ಮತ್ತೆ ಕ್ಷಮೆ ಬೇಡುತ್ತಾನೆ, ಲೋಗನ್ ಲ್ಯಾಟಿನ್ನಿನಲ್ಲಿ ಮಂತ್ರ ಹೇಳಿ ಕ್ಷಮಿಸುತ್ತಾನೆ. ಆ ಹೊತ್ತಿಗೆ ರುತ್ ಗಂಡನ ಕೈ ಹಿಡಿದು ಹೊರಟುಹೋಗಿದ್ದಾಳೆ.

ಕಡಲ ತಡಿ, ಒಂದು ಸಂದೇಹ. ಮೊದಲ ರಾತ್ರಿ ಪೆಟ್ಟಿಗೆಯಲ್ಲಿ ಕೆಲ್ಲರ್ “ಕೊಂದೆ” ಎಂದಕೂಡಲೇ ದೃಶ್ಯ ಕತ್ತರಿಸಿಹೋಗುತ್ತದೆ. ಆಗ ಲೋಗನ್ ಅವನನ್ನು ಕ್ಷಮಿಸಿದ್ದನೇ?

ಕಡಲ ತಡಿ:

ಅದನ್ನು ನಮಗೂ ತೋರಿಸುವುದಿಲ್ಲ. ನಾವೂ ಹೊರಗಿನವರೇ. ಪಶ್ಚಾತ್ತಾಪವಿಲ್ಲದಿದ್ದರೆ ಕ್ಷಮೆ ಸಲ್ಲುವುದಿಲ್ಲ, ಆದರೆ ಕ್ಷಮೆ ಸಿಗದಿದ್ದರೂ ಗುಟ್ಟು ಗುಟ್ಟೇ.

ತಾರ್ಕಿಕ:

ಅನಾಮಧೇಯ ಪತ್ರದ ಮಾತನ್ನು ವಾಪಸು ತೆಗೆದುಕೊಳ್ಳುತ್ತೇನೆ. ಆಸ್ಟ್ರೇಲಿಯಾದ ಮಾತನ್ನು ತೆಗೆದುಕೊಳ್ಳುವುದಿಲ್ಲ. ಉಪಾಹಾರದ ದೃಶ್ಯವನ್ನು ಇವತ್ತು ಧ್ವನಿ ನಿಲ್ಲಿಸಿ ನಾಲ್ಕು ಸಲ ನೋಡಿದೆ. ಮಧ್ಯಾಹ್ನ ಕಚೇರಿಯಲ್ಲಿ ಚಹಾ ತಂದಿಟ್ಟ ಹೆಂಗಸಿನ ಮುಖವನ್ನು ಮೊದಲ ಸಲ ನೆಟ್ಟಗೆ ನೋಡಿದೆ, ಆಕೆ ಗಾಬರಿಯಾಗಿ “ಸಕ್ಕರೆ ಹೆಚ್ಚಾಯಿತೇ ಸರ್?” ಎಂದರು.